ಅಡಿಕೆ ತೋಟಕ್ಕೆ ಕಲ್ಲಿನ ಪುಡಿ: ಶರಾವತಿ ಕಡೆಯ ಒಂದು ಮನೆಯ ಮೂರೂವರೆ ವರ್ಷ

ಈ ತೋಟ ಇರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ. ಊರಿನ ಹೆಸರು, ಮನೆಯವರ ಹೆಸರು ಹೇಳುವುದಿಲ್ಲ ಅಂತ ಮೊದಲೇ ಮಾತಾಗಿತ್ತು. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಮಾಡಿದ ಕೆಲಸ, ಆದ ತಪ್ಪು, ಬಂದ ಫಲ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ. ನಾನು ಮಣ್ಣು ಪರೀಕ್ಷೆ ನೋಡಿ ತೋಟದವರಿಗೆ ಸಲಹೆ ಕೊಡುವವನು. ಕಲ್ಲಿನ ಪುಡಿಯ ವಿಚಾರ ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಹಾಕುವ ಮುಂಚೆ ಯಾರಾದರೂ ಒಬ್ಬರ ಅನುಭವ ಓದಿಕೊಂಡರೆ ಒಳ್ಳೆಯದು ಅಂತ ಬರೆಯುತ್ತಿದ್ದೇನೆ.

ತೋಟದ ಸ್ಥಿತಿ

ಮೂರು ಎಕರೆ ಅಡಿಕೆ, ಸುಮಾರು 1,600 ಮರ. ಕೆಳಗೆ ಒಂದು ಎಕರೆ ಗದ್ದೆ. ಮೇಲೆ ಸೊಪ್ಪಿನ ಬೆಟ್ಟ. ಮನೆಯಲ್ಲಿ ಯಜಮಾನರು, ಅವರ ಹೆಂಡತಿ, ಬೆಂಗಳೂರಲ್ಲಿ ಕೆಲಸ ಬಿಟ್ಟು ಊರಿಗೆ ಬಂದ ಮಗ. ಕೊಟ್ಟಿಗೆಯಲ್ಲಿ ಆಗ ನಾಲ್ಕು ದನ ಇದ್ದವು.

2021ರ ಡಿಸೆಂಬರ್‌ನಲ್ಲಿ ನಾನು ಮೊದಲ ಸಲ ಹೋದಾಗ ಮರಗಳ ತಲೆ ಸಣ್ಣಗಾಗಿತ್ತು. ಸೋಗೆ ಹಳದಿ. ಹಿಂಗಾರ ಬಂದರೂ ಮಿಡಿ ಉದುರುತ್ತಿತ್ತು. ಬುಡ ಕೆರೆದು ನೋಡಿದರೆ ಬಿಳಿ ಬೇರೇ ಇಲ್ಲ, ಎಲ್ಲ ಕಂದು, ತುದಿ ಮೊಂಡು. ಯೂರಿಯಾ ಮಾತ್ರ ವರ್ಷವೂ ತಪ್ಪಿಲ್ಲ. ಇಳುವರಿ ಇಳಿದ ಹಾಗೆಲ್ಲ ಅದನ್ನೇ ಜಾಸ್ತಿ ಮಾಡಿದ್ದರು. ಅಡಿಕೆ ಮರ ಒಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಅನ್ನುವುದು ಶಿಫಾರಸು. ಇವರು ಸಾರಜನಕ ಅದರ ಎರಡರಷ್ಟು ಕೊಡುತ್ತಿದ್ದರು, ಪೊಟ್ಯಾಷ್ ಅರ್ಧಕ್ಕಿಂತ ಕಡಿಮೆ.

ಮಣ್ಣು ಪರೀಕ್ಷೆಯಲ್ಲಿ ರಸಸಾರ, ಅಂದರೆ ಪಿಎಚ್, 4.8 ಬಂತು. ಈ ಅಂಕಿ ಕಡಿಮೆಯಾದಷ್ಟೂ ಮಣ್ಣಿನ ಹುಳಿ ಜಾಸ್ತಿ. 5.5ಕ್ಕಿಂತ ಕೆಳಗಿಳಿದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಸುಡುತ್ತದೆ. ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ, ಮರಕ್ಕೆ ಸಿಗುವುದಿಲ್ಲ.

ಇದು ಈ ಮನೆಯವರ ತಪ್ಪಿನಿಂದ ಮಾತ್ರ ಆದದ್ದಲ್ಲ. ಮಲೆನಾಡಿನ ಮಣ್ಣೇ ತೊಳೆದುಹೋದ ಮಣ್ಣು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಲಕ್ಷಾಂತರ ವರ್ಷ ಹೀಗೆ ಸುರಿದ ಮಳೆ ಕಲ್ಲಿನಿಂದ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ಕರಗಿಸಿ ಹೊಳೆಗೆ ಸೇರಿಸಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ನಾವು ಮನೆ ಕಟ್ಟುವ ಜಂಬಿಟ್ಟಿಗೆ ಕಲ್ಲು ಅಂದರೆ ಅದೇ. ನಾಲ್ಕೈದು ವರ್ಷಕ್ಕೊಮ್ಮೆ ಗುಡ್ಡದ ಹೊಸ ಮಣ್ಣು ತಂದು ತೋಟಕ್ಕೆ ಹಾಕುವ ರೂಢಿ ಇಲ್ಲಿದೆ, ಅಲ್ವಾ? ಅದರಿಂದ ಬುಡ ಗಟ್ಟಿಯಾಗುತ್ತದೆ, ಬೇರಿಗೆ ಜಾಗ ಸಿಗುತ್ತದೆ. ಆದರೆ ಗುಡ್ಡದ ಕೆಂಪು ಮಣ್ಣೂ ಮಳೆ ತೊಳೆದದ್ದೇ. ಸುಣ್ಣದ ಅಂಶ ಅದರಲ್ಲೂ ಇಲ್ಲ.

ಸುಣ್ಣವೋ, ಕಲ್ಲೋ

ನನ್ನ ಸಲಹೆ ಸುಲಭದ್ದಾಗಿತ್ತು. ಯೂರಿಯಾ ಅರ್ಧ ಮಾಡಿ, ಮರಕ್ಕೆ ಅರ್ಧ ಕೆಜಿ ಕೃಷಿ ಸುಣ್ಣ ಹಾಕಿ, ಗೊಬ್ಬರ ಜಾಸ್ತಿ ಮಾಡಿ. ಯಜಮಾನರು ಒಪ್ಪಿದರು. ಮಗ ಮಾತ್ರ ಫೋನ್‌ನಲ್ಲಿ ಒಂದು ವಿಡಿಯೊ ತೋರಿಸಿದ. ಬಸಾಲ್ಟ್, ಅಂದರೆ ಲಾವಾ ತಣಿದು ಆದ ಕರಿಕಲ್ಲು, ಅದರ ಪುಡಿ ಹೊಲಕ್ಕೆ ಹಾಕಿದರೆ ಮಣ್ಣೂ ಸುಧಾರಿಸುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಕೂಡ ಹಿಡಿಯುತ್ತದೆ ಅಂತ.

ಯಜಮಾನರು ನಕ್ಕರು. "ಕಲ್ಲು ಗೊಬ್ಬರ ಆಗೋದಾದ್ರೆ ನಮ್ಮ ಬ್ಯಾಣದಲ್ಲಿ ಚಿನ್ನವೇ ಬೆಳೀಬೇಕಿತ್ತು ಮಾರಾಯ್ರೆ."

ಮಗ ಹೇಳಿದ್ದರಲ್ಲಿ ಹುರುಳಿತ್ತು. ಮಳೆನೀರು, ಮಣ್ಣಿನೊಳಗಿನ ನೀರು ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ತೆಳು ಹುಳಿಯಾಗುತ್ತದೆ. ಗೋಲಿ ಸೋಡಾ ನಾಲಗೆಗೆ ಚುರ್ ಅನ್ನುತ್ತದಲ್ಲ, ಅದೇ ಕಾರ್ಬಾನಿಕ್ ಆಮ್ಲ, ಇಲ್ಲಿ ತುಂಬಾ ತೆಳುವಾಗಿ. ಅದು ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವ ಸಿಲಿಕೇಟ್ ಕಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ಆಗ ಇಂಗಾಲ ಬೈಕಾರ್ಬನೇಟ್ ಆಗಿ ನೀರಿನಲ್ಲಿ ಉಳಿದು, ಹಳ್ಳ ಹೊಳೆ ಹಿಡಿದು ಸಮುದ್ರ ಸೇರುತ್ತದೆ. ಅಲ್ಲಿ ಸಾವಿರಾರು ವರ್ಷ ಹಾಗೇ ಇರುತ್ತದೆ. ಬೆಟ್ಟಗಳು ತಾವಾಗಿಯೇ ಮಾಡುತ್ತಿರುವ ಕೆಲಸ ಇದು. ಪುಡಿ ಮಾಡಿ ಹಾಕಿದರೆ ಬೇಗ ಆಗುತ್ತದೆ, ಅಷ್ಟೇ ಹೊಸತು. ಬ್ರೆಜಿಲ್‌ನಲ್ಲಿ ಇಂಥ ಕಲ್ಲಿನ ಪುಡಿಯನ್ನು ಕೃಷಿಯ ಒಳಸುರಿ ಅಂತ 2013ರಲ್ಲೇ ಕಾನೂನಿನಲ್ಲಿ ಸೇರಿಸಿದ್ದಾರೆ.

ಆವತ್ತು ಜಗುಲಿಯ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಎರಡು ಬಾಳೆ ಎಲೆ ಚೂರು. ಒಂದರ ಮೇಲೆ ಕೃಷಿ ಸುಣ್ಣ, ಇನ್ನೊಂದರ ಮೇಲೆ ಕರಿಕಲ್ಲಿನ ಪುಡಿ. ಎರಡಕ್ಕೂ ನಿಂಬೆಹಣ್ಣು ಹಿಂಡಿದೆ. ಸುಣ್ಣ ಸಣ್ಣಗೆ ನೊರೆ ಎದ್ದು ಚುರುಗುಟ್ಟಿತು. ಕಲ್ಲಿನ ಪುಡಿ ಸುಮ್ಮನೆ ಒದ್ದೆಯಾಗಿ ಕೂತಿತು. ಆ ನೊರೆಯಲ್ಲಿ ಹೋದದ್ದೇ ಇಂಗಾಲದ ಡೈಆಕ್ಸೈಡ್. ನೂರು ಕೆಜಿ ಶುದ್ಧ ಸುಣ್ಣಕಲ್ಲಿನಲ್ಲಿ 44 ಕೆಜಿ ಅದೇ ಇರುತ್ತದೆ. ತುಂಬಾ ಹುಳಿ ಇರುವ ಮಣ್ಣಿಗೆ ಸುಣ್ಣ ಹಾಕಿದರೆ ಅದರಲ್ಲಿ ಬಹುಪಾಲು ಗಾಳಿಗೆ ಹೋಗುತ್ತದೆ. ಸಿಲಿಕೇಟ್ ಕಲ್ಲಿನಲ್ಲಿ ಬಿಟ್ಟುಕೊಡಲು ಇಂಗಾಲವೇ ಇಲ್ಲ. ಯಜಮಾನರು ಬಗ್ಗಿ ಎರಡೂ ಎಲೆ ಮೂಸಿ ನೋಡಿದರು. ಆಮೇಲೆ ಕಲ್ಲಿನ ವಿಚಾರಕ್ಕೆ ನಗಲಿಲ್ಲ.

ಹಾಗಂತ ಸುಣ್ಣ ಬೇಡ ಅಂತ ನಾನು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಸುಣ್ಣ ಬೇಗ ಕೆಲಸ ಮಾಡುತ್ತದೆ, ಮರಕ್ಕೆ ಕಾಯುವ ಶಕ್ತಿ ಇರಲಿಲ್ಲ. ಹಾಗಾಗಿ ಒಂದು ಪಟ್ಟಿಗೆ ಸುಣ್ಣ, ಒಂದು ಪಟ್ಟಿಗೆ ಕಲ್ಲು, ಎರಡು ಸಾಲು ಏನೂ ಹಾಕದೆ ಬಿಡುವುದು ಅಂತ ತೀರ್ಮಾನ ಆಯಿತು. ಆ ಎರಡು ಸಾಲು ಬಿಡಿಸಲು ನಾನು ಒಂದು ಗಂಟೆ ಮಾತಾಡಬೇಕಾಯಿತು. "ಹಾಕೋದಾದ್ರೆ ಎಲ್ಲಕ್ಕೂ ಹಾಕಬೇಕು, ಆ ಮರಗಳೇನು ಪಾಪ ಮಾಡಿದ್ವು?" ಅಂತ ಯಜಮಾನರ ವಾದ.

ಯಾವ ಕಲ್ಲು

ಇಡೀ ಪ್ರಕರಣದಲ್ಲಿ ಇದಕ್ಕೇ ಜಾಸ್ತಿ ಸಮಯ ಹಿಡಿಯಿತು. ಹಿಡಿಯಬೇಕಾದ್ದೂ ಹೌದು.

ಹತ್ತಿರದ ಕ್ರಷರ್‌ನಲ್ಲಿ ಪುಡಿ ರಾಶಿ ಬಿದ್ದಿತ್ತು, ಬೇಕಾದಷ್ಟು ಒಯ್ಯಿರಿ ಅಂದರು. ಒಂದು ಹಿಡಿ ತಂದು ಲೋಟದ ನೀರಿಗೆ ಹಾಕಿ ಕಲಕಿದೆವು. ತಳಕ್ಕೆ ಕೂತದ್ದು ಬಹುಪಾಲು ಗಾಜಿನ ಚೂರಿನ ಹಾಗೆ ಹೊಳೆಯುವ ಬಿಳಿ ಹರಳು, ನಡುವೆ ಗುಲಾಬಿ ಬಣ್ಣದ್ದು. ಅದು ಗ್ರಾನೈಟ್ ನೈಸ್ ಕಲ್ಲು, ನಮ್ಮ ಕಡೆ ಜಲ್ಲಿಗೆ ಒಡೆಯುವುದು ಹೆಚ್ಚಾಗಿ ಅದನ್ನೇ. ಅದರಲ್ಲಿ ಬೆಣಚು ಜಾಸ್ತಿ, ಕ್ಯಾಲ್ಸಿಯಂ ಮೆಗ್ನೀಷಿಯಂ ಕಡಿಮೆ. ಮಣ್ಣಿನ ಹುಳಿಗೂ ಇಂಗಾಲಕ್ಕೂ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ. ಮೇಲಾಗಿ ಒಣ ಬೆಣಚು ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಅನ್ನುವ, ವಾಸಿಯಾಗದ ಕಾಯಿಲೆ ಬರುತ್ತದೆ. ಪುಕ್ಕಟೆ ಸಿಕ್ಕರೂ ಬೇಡ ಅಂದೆವು.

ಇನ್ನೊಬ್ಬರು ಹಸಿರು ಬಣ್ಣದ, ಮುಟ್ಟಿದರೆ ಸಾಬೂನಿನ ಹಾಗೆ ಜಾರುವ ಕಲ್ಲಿನ ಪುಡಿ ಕೊಡಲು ಬಂದರು. ಮೆಗ್ನೀಷಿಯಂ ಬೇಕಾದಷ್ಟು ಇರುವ ಕಲ್ಲು, ಇಂಗಾಲ ಹಿಡಿಯುವುದರಲ್ಲಿ ಚುರುಕು. ಆದರೆ ಅಂಥ ಕಲ್ಲಿನಲ್ಲಿ ನಿಕ್ಕಲ್, ಕ್ರೋಮಿಯಂ ಜಾಸ್ತಿ ಇರುತ್ತದೆ, ಕೆಲವದರಲ್ಲಿ ಕಲ್ನಾರಿನ ಎಳೆಯೂ ಇರಬಹುದು. ಇದನ್ನು ಬಾಗಿಲಲ್ಲೇ ವಾಪಸ್ ಕಳಿಸಿದ್ದು ಸರಿಯಾಯಿತು ಅಂತ ನನಗೆ ಈಗಲೂ ಸಮಾಧಾನ. ತೋಟದ ಮಣ್ಣಿಗೆ ಒಮ್ಮೆ ಸೇರಿದ ನಿಕ್ಕಲ್ ಹೊರಗೆ ತೆಗೆಯಲು ಬರುವುದಿಲ್ಲ.

ನಮಗೆ ಬೇಕಾದ ಬಸಾಲ್ಟ್ ಶಿವಮೊಗ್ಗದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ದಖ್ಖನ್ನಿನ ಬಸಾಲ್ಟ್ ಹಾಸು ಶುರುವಾಗುವುದು ಬೆಳಗಾವಿ, ವಿಜಯಪುರದ ಕಡೆ. ಆದರೆ ಅದೇ ಖನಿಜಗಳಿರುವ ಡೋಲರೈಟ್ ಇಲ್ಲಿದೆ. ನೈಸ್ ಬಂಡೆಯ ನಡುವೆ ಗೋಡೆಯ ಹಾಗೆ ಹಾದುಹೋಗುವ ಕರಿಕಲ್ಲು ಅದು. ಸುಮಾರು 40 ಕಿಲೋಮೀಟರ್ ದೂರದಲ್ಲಿ ಅದನ್ನು ಒಡೆದು ಎಂ-ಸ್ಯಾಂಡ್, ಅಂದರೆ ಕಟ್ಟಡದ ಮರಳು, ಮಾಡುವವರು ಸಿಕ್ಕರು. ಲ್ಯಾಬಿಗೆ ಕಳಿಸಿ ಭಾರಲೋಹ ನೋಡಿಸಿದೆವು. ಗಾಬರಿ ಪಡುವಂಥದ್ದು ಇರಲಿಲ್ಲ.

ಮೊದಲ ಮಳೆಗಾಲದ ಪೆಟ್ಟು

2022ರ ಮೇ ಕೊನೆಯಲ್ಲಿ ನಾಲ್ಕು ಟನ್ ಪುಡಿ ತರಿಸಿ ಒಂದು ಪಟ್ಟಿಗೆ ಹರಡಿಸಿದೆವು. ಮಳೆ ಬಂದರೆ ಕಲ್ಲು ಕರಗುತ್ತದೆ, ಹಾಗಾಗಿ ಮಳೆಗೆ ಮೊದಲೇ ಹಾಕಬೇಕು ಅಂತ ನಾನೇ ಹೇಳಿದ್ದೆ. ಅದು ನನ್ನ ತಪ್ಪು.

ಜುಲೈನಲ್ಲಿ ಹೋಗಿ ನೋಡಿದರೆ ಬಸಿಗಾಲುವೆಯ ತಳ ಬೂದು ಬಣ್ಣಕ್ಕೆ ತಿರುಗಿತ್ತು. ಸಣ್ಣ ಪುಡಿ ಕೊಚ್ಚಿಕೊಂಡು ಕಾಲುವೆಗೆ ಇಳಿದಿದೆ, ದಪ್ಪದ್ದು ಮಾತ್ರ ಬುಡದಲ್ಲಿ ಉಳಿದಿದೆ. ಕಾಲುವೆ ಕಟ್ಟಿ ಹನ್ನೆರಡು ಮರದ ಬುಡದಲ್ಲಿ ನೀರು ನಿಂತಿತ್ತು. ಕೊಳೆರೋಗದ ಕಾಲದಲ್ಲಿ ಬುಡದಲ್ಲಿ ನೀರು ನಿಲ್ಲುವುದು ಅಂದರೆ ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಸುರಿಯುವ ಮಳೆಯಲ್ಲೇ ಮಗನೂ ಇಬ್ಬರು ಆಳುಗಳೂ ಕಾಲುವೆ ತೋಡಿದರು. ಯಜಮಾನರು ನನಗೆ ಒಂದು ಮಾತೂ ಅನ್ನಲಿಲ್ಲ. ಕಾಫಿ ಕೊಟ್ಟರು.

ಇಲ್ಲಿ ಎರಡು ವಿಷಯ ಗೊತ್ತಾಯಿತು. ಮೊದಲನೆಯದು, ಕ್ರಷರ್ ಪುಡಿಯಲ್ಲಿ ಬಹುಪಾಲು ಮರಳಿನಷ್ಟು ದಪ್ಪ, ಅದು ಕರಗಲು ತುಂಬಾ ವರ್ಷ ಬೇಕು. ಹಿಟ್ಟಿನಷ್ಟು ಸಣ್ಣಗಿರುವುದು ಬೇಗ ಕರಗುತ್ತದೆ, ಆದರೆ ನಮ್ಮ ಮಳೆಯಲ್ಲಿ ಮೇಲೆ ಹರಡಿದರೆ ನಿಲ್ಲುವುದಿಲ್ಲ. ಎರಡನೆಯದು, ವಿಡಿಯೊಗಳಲ್ಲಿ ತೋರಿಸುವುದು ಸಪಾಟು ಹೊಲ. ನಮ್ಮದು ಇಳಿಜಾರು.

ಗೊಬ್ಬರ ಗುಂಡಿಯ ದಾರಿ

ಪರಿಹಾರ ಹೇಳಿದವರು ಮನೆಯ ಅಮ್ಮ. "ಅದನ್ನ ಗೊಬ್ಬರ ಗುಂಡಿಗೇ ಹಾಕಿದ್ರೆ ಆಗಲ್ವಾ? ಸಗಣಿ ಹಿಡ್ಕೊಳ್ತದೆ."

ಅಷ್ಟೇ. ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಹೊಳೆದಿರಲಿಲ್ಲ. ಸಗಣಿ, ದರಗು (ಒಣಗಿದ ಎಲೆ), ಸೊಪ್ಪು ಕೊಳೆಯುವಾಗ ಬರುವ ಹುಳಿ ಮತ್ತು ಅಲ್ಲಿ ತುಂಬುವ ಇಂಗಾಲದ ಡೈಆಕ್ಸೈಡ್ ಕಲ್ಲು ಕರಗಲು ಸಹಾಯವೇ. ಪುಡಿ ಹಾರುವುದಿಲ್ಲ, ಕೊಚ್ಚಿ ಹೋಗುವುದಿಲ್ಲ. ಗೊಬ್ಬರ ಹಾಕುವುದು ಹೇಗೂ ಮಳೆಗಾಲ ಕಳೆದ ಮೇಲೆ. ಆಮೇಲೆ ಬೇಸಿಗೆಯಿಡೀ ಸ್ಪ್ರಿಂಕ್ಲರ್ ನೀರು ಇರುತ್ತದೆ, ಬಿಸಿಲೂ ಇರುತ್ತದೆ. ಮುಂದಿನ ಮಳೆ ಬರುವಷ್ಟರಲ್ಲಿ ಪುಡಿ ಮಣ್ಣಿನೊಳಗೆ ಸೇರಿರುತ್ತದೆ.

ಪುಡಿಯ ಮೂಲವನ್ನೂ ಬದಲಿಸಿದೆವು. ಅದೇ ಕರಿಕಲ್ಲಿನ ಘಟಕದಲ್ಲಿ ಎಂ-ಸ್ಯಾಂಡ್ ತೊಳೆದ ನೀರು ತಂಗುವ ಗುಂಡಿ ಇದೆ. ತಳದಲ್ಲಿ ಕೂರುವ ಕೆಸರನ್ನು ಅವರು ಎಲ್ಲಿ ಸುರಿಯುವುದು ಅಂತ ತಲೆ ಕೆಡಿಸಿಕೊಂಡಿದ್ದರು. ಬೆರಳ ನಡುವೆ ಉಜ್ಜಿದರೆ ಒದ್ದೆ ರಾಗಿ ಹಿಟ್ಟಿನಷ್ಟು ನುಣುಪು. ನೀರು ತಿಳಿಯಾಗಿಸಲು ಏನಾದರೂ ರಾಸಾಯನಿಕ ಹಾಕುತ್ತೀರಾ ಅಂತ ಮೊದಲು ಕೇಳಿದೆವು, ಇಲ್ಲ ಅಂತ ಖಾತ್ರಿಯಾದ ಮೇಲೆ ತಂದೆವು. ಪುಡಿ ಮಾಡುವ ಕರೆಂಟು ಬೇರೆ ಬೇಡ. ಒದ್ದೆ ಇರುವುದರಿಂದ ಧೂಳೂ ಇಲ್ಲ. ಗೊಬ್ಬರ ಹೊರುವ ಹೆಂಗಸರು ಮೊದಲ ವರ್ಷ ಸೆರಗು ಮೂಗಿಗೆ ಕಟ್ಟಿಕೊಂಡು ಕೆಮ್ಮುತ್ತಿದ್ದದ್ದು ನನ್ನ ಕಣ್ಣ ಮುಂದಿದೆ. ಒಣ ಪುಡಿ ಬಳಸಲೇಬೇಕಾದರೆ ನೀರು ಚಿಮುಕಿಸದೆ, ಮಾಸ್ಕ್ ಕೊಡದೆ ದಯವಿಟ್ಟು ಕೆಲಸಕ್ಕೆ ಇಳಿಸಬೇಡಿ.

2022ರ ನವೆಂಬರಿನಿಂದ ಪುಡಿ ಬೆರೆತ ಗೊಬ್ಬರ ಮರಕ್ಕೆ ಎರಡು ಹೆಡಿಗೆಯಂತೆ ಬಿತ್ತು. ಒಂದು ಟಿಪ್ಪರ್, 12 ಟನ್, ಎರಡು ವರ್ಷಕ್ಕೆ ಸಾಕಾಯಿತು. ಬಿಟ್ಟ ಎರಡು ಸಾಲಿಗೂ ಸುಣ್ಣದ ಪಟ್ಟಿಗೂ ಗೊಬ್ಬರ ಬೇಡ ಅಂತ ನಾನು ಹೇಳಲು ಹೊರಟಾಗ ಅಮ್ಮನೇ ತಡೆದರು. "ಅಲ್ಲಿಗೆ ಗೊಬ್ಬರನೂ ಹಾಕದಿದ್ರೆ, ಇಲ್ಲಿ ಆಗಿದ್ದು ಗೊಬ್ಬರದಿಂದಲೋ ಕಲ್ಲಿಂದಲೋ ಹೇಗೆ ಗೊತ್ತಾಗ್ತದೆ?" ನಿಜ. ಹಾಗಾಗಿ ಆ ಎರಡು ಕಡೆಗೂ ಕಲ್ಲಿಲ್ಲದ ಗೊಬ್ಬರ ಬೇರೆ ಗುಂಡಿಯಿಂದ ಹೋಯಿತು. ಈ ಒಂದು ಪ್ರಶ್ನೆ ಇಲ್ಲದಿದ್ದರೆ ಮೂರು ವರ್ಷದ ಕೆಲಸದಿಂದ ಏನೂ ಹೇಳಲು ಬರುತ್ತಿರಲಿಲ್ಲ.

ಯೂರಿಯಾ ಇಳಿಸಿದ್ದೂ ಇದಕ್ಕೇ ಸೇರಿದ್ದು. ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಹುಳಿ ಹುಟ್ಟುತ್ತದೆ. ಆ ಹುಳಿಯೇ ಕಲ್ಲನ್ನು ಕರಗಿಸಿದರೆ ಮಣ್ಣಿಗೆ ಲಾಭ ಸಿಗುತ್ತದೆ, ಆದರೆ ಗಾಳಿಯ ಇಂಗಾಲ ಹಿಡಿದ ಹಾಗೆ ಆಗುವುದಿಲ್ಲ. ಒಂದು ಕೈಯಲ್ಲಿ ಯೂರಿಯಾ ಎರಚುತ್ತಾ ಇನ್ನೊಂದು ಕೈಯಲ್ಲಿ ಕಲ್ಲು ಹಾಕಿ ಇಂಗಾಲ ಉಳಿಸಿದೆ ಅನ್ನಲು ಬರುವುದಿಲ್ಲ.

ಏನಾಯಿತು

2024ರ ಡಿಸೆಂಬರ್ ಪರೀಕ್ಷೆ: ಗೊಬ್ಬರ ಮಾತ್ರ ಹಾಕಿದ ಎರಡು ಸಾಲಿನಲ್ಲಿ ರಸಸಾರ 4.9. ಕಲ್ಲು ಬೆರೆತ ಗೊಬ್ಬರದ ಕಡೆ 5.3. ಸುಣ್ಣದ ಪಟ್ಟಿ ಮೊದಲ ವರ್ಷವೇ 5.6ಕ್ಕೆ ಏರಿತ್ತು, ಆಮೇಲೆ ಮಳೆಗೆ ತೊಳೆದು 5.2ಕ್ಕೆ ಇಳಿದಿತ್ತು. ಕಲ್ಲಿನ ಕಡೆ ಮೆಗ್ನೀಷಿಯಂ ಕೂಡ ಏರಿದೆ. ಬುಡ ಕೆರೆದರೆ ಬಿಳಿ ಬೇರು ಕಾಣುತ್ತದೆ.

ಇಳುವರಿ? ಹೇಳಲಾರೆ. ಆ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಊರಿಗೆ ಊರೇ ಹಬ್ಬಿತ್ತು, ಈ ತೋಟಕ್ಕೂ ಬಂತು. ಕಲ್ಲು ಹಾಕಿದ ಕಡೆಯೂ ಬಂತು, ಹಾಕದ ಕಡೆಯೂ ಬಂತು. ಕಲ್ಲಿನ ಪುಡಿ ಎಲೆಚುಕ್ಕಿಗೆ ಮದ್ದು ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ.

ಗದ್ದೆಗೆ ಕಲ್ಲು ಹಾಕಲಿಲ್ಲ. ಭತ್ತಕ್ಕೆ ಸಿಲಿಕಾ ಬೇಕು, ಬೆಂಕಿರೋಗ ತಡೆಯಲು ಎಲೆ ಗಟ್ಟಿಯಾಗಬೇಕು, ಅದು ಸರಿ. ಆದರೆ ಭತ್ತದ ಉಮಿಯ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾವೇ ಇರುತ್ತದೆ, ರೈಸ್‌ಮಿಲ್ಲಿನಲ್ಲಿ ಬೇಕಾದಷ್ಟು ಸಿಗುತ್ತದೆ. ಅದಕ್ಕೆ ಕಲ್ಲು ಯಾಕೆ?

ಇಂಗಾಲದ ಲೆಕ್ಕ ತಿಳಿಯಲು ಮೀನಿನ ಹೊಂಡಕ್ಕೆ ಬಳಸುವ ಕ್ಷಾರತೆಯ ಕಿಟ್ ತಂದೆವು. 2024ರ ಆಗಸ್ಟಿನ ಒಂದು ಬೆಳಿಗ್ಗೆ, ಮೇಲಿನ ಬೆಟ್ಟದಿಂದ ತೋಟಕ್ಕೆ ಬರುವ ನೀರು ಒಂದು ಶೀಷೆ, ಕಲ್ಲು ಹಾಕಿದ ಭಾಗ ದಾಟಿದ ನೀರು ಒಂದು ಶೀಷೆ. ಸುಣ್ಣದ ಪಟ್ಟಿಯ ನೀರು ಸೇರುವುದಕ್ಕೆ ಮೊದಲೇ ಹಿಡಿದೆವು. ಮಗ ಕೊಡೆ ಹಿಡಿದ, ನಾನು ಹನಿ ಎಣಿಸಿದೆ. ಬೆಟ್ಟದ ನೀರಿಗೆ ಎರಡು ಹನಿಗೆ ಬಣ್ಣ ತಿರುಗಿತು. ತೋಟ ದಾಟಿದ ನೀರಿಗೆ ನಾಲ್ಕು ಹನಿ ಬೇಕಾಯಿತು. ಬೈಕಾರ್ಬನೇಟ್ ಇರುವುದಕ್ಕೇ ಜಾಸ್ತಿ ಹನಿ. ಆ ನೀರು ಹಳ್ಳಕ್ಕೆ, ಹಳ್ಳದಿಂದ ಶರಾವತಿಗೆ, ಲಿಂಗನಮಕ್ಕಿ ದಾಟಿ ಹೊನ್ನಾವರದಲ್ಲಿ ಸಮುದ್ರಕ್ಕೆ ಹೋಗುತ್ತದೆ. ಎರಡು ಹನಿ ವ್ಯತ್ಯಾಸದಿಂದ ಟನ್ ಲೆಕ್ಕ ಹಾಕಲು ಬರುವುದಿಲ್ಲ. ಆದರೂ ಆವತ್ತು ನನಗೆ ತುಂಬಾ ಖುಷಿಯಾಯಿತು.

ಕಾಗದ ಹಿಡಿದು ಬಂದವರು

2025ರ ಏಪ್ರಿಲ್‌ನಲ್ಲಿ ಮಾಟಿ ಕಾರ್ಬನ್ ಅನ್ನುವ ಸಂಸ್ಥೆಗೆ ಎಕ್ಸ್‌ಪ್ರೈಜ್ ಸ್ಪರ್ಧೆಯ 5 ಕೋಟಿ ಡಾಲರ್ ಬಹುಮಾನ ಬಂತು. ಛತ್ತೀಸ್‌ಗಢ, ಮಧ್ಯಪ್ರದೇಶದ ಕಡೆ ಸಣ್ಣ ರೈತರ ಗದ್ದೆಗೆ ಬಸಾಲ್ಟ್ ಪುಡಿ ಹಾಕಿಸುವವರು ಅವರು. ಸುದ್ದಿ ಹಬ್ಬಿದ ಮೇಲೆ ಬೇರೊಂದು ಕಂಪನಿಯ ಪ್ರತಿನಿಧಿ ಈ ಮನೆಗೆ ಬಂದರು. ಪುಡಿ ಪುಕ್ಕಟೆ, ಮೇಲಿಂದ ಎಕರೆಗೆ ದುಡ್ಡು, ಇಂಗಾಲದ ಹಕ್ಕು, ಅಂದರೆ ಹಿಡಿದ ಇಂಗಾಲದ ಲೆಕ್ಕ ಮಾರುವ ಹಕ್ಕು, ಮಾತ್ರ ಕಂಪನಿಗೆ ಅಂದರು. ಇಂಗ್ಲಿಷಿನ ಒಪ್ಪಂದ. ಪುಡಿ ಬೆಳಗಾವಿ ಕಡೆಯಿಂದ ಬರುತ್ತದೆ ಅಂತ ಮಾತಿನ ನಡುವೆ ಬಂತು.

ಅವರು ಹೋದ ಮೇಲೆ ಮಗನೂ ನಾನೂ ಕೂತು ಲೆಕ್ಕ ಹಾಕಿದೆವು. ಅಮೆರಿಕದ ಇಲಿನಾಯ್‌ನಲ್ಲಿ ಮೆಕ್ಕೆಜೋಳ, ಸೋಯಾ ಹೊಲಕ್ಕೆ ಹೆಕ್ಟೇರಿಗೆ ವರ್ಷಕ್ಕೆ 50 ಟನ್‌ನಂತೆ ನಾಲ್ಕು ವರ್ಷ ಬಸಾಲ್ಟ್ ಹಾಕಿ ನೋಡಿದ ಪ್ರಯೋಗದ ಫಲ 2024ರಲ್ಲಿ ಪ್ರಕಟವಾಗಿದೆ. 200 ಟನ್ ಪುಡಿಗೆ ಹಿಡಿದ ಇಂಗಾಲದ ಡೈಆಕ್ಸೈಡ್ ಸುಮಾರು 10 ಟನ್. ಆ ಲೆಕ್ಕದಲ್ಲಿ ನಮ್ಮ 12 ಟನ್ ಟಿಪ್ಪರ್‌ಗೆ ಸುಮಾರು 600 ಕೆಜಿ. ನಮ್ಮ ಮಣ್ಣು, ಮಳೆ ಬೇರೆ, ಹಾಗಾಗಿ ಇದು ಬರೀ ಅಂದಾಜು.

ಈಗ ಡೀಸೆಲ್. ಒಂದು ಲೀಟರ್ ಸುಟ್ಟರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ಟಿಪ್ಪರ್ ಲೀಟರಿಗೆ ಮೂರೂವರೆ ಕಿಲೋಮೀಟರ್ ಓಡುತ್ತದೆ ಅಂತ ಇಟ್ಟುಕೊಳ್ಳಿ. ನಮ್ಮ ಕರಿಕಲ್ಲಿನ ಘಟಕಕ್ಕೆ ಹೋಗಿ ಬರಲು 80 ಕಿಲೋಮೀಟರ್, ಅಂದರೆ 60 ಕೆಜಿ ಚಿಲ್ಲರೆ. ಹಿಡಿದದ್ದರಲ್ಲಿ ಹತ್ತನೇ ಒಂದು ಪಾಲು ದಾರಿಗೆ ಹೋಯಿತು. ಬೆಳಗಾವಿ ಕಡೆಯಿಂದಾದರೆ ಹೋಗಿ ಬರಲು ಕಡಿಮೆ ಅಂದರೂ 500 ಕಿಲೋಮೀಟರ್, 380 ಕೆಜಿ ದಾಟುತ್ತದೆ. ಅರ್ಧಕ್ಕಿಂತ ಜಾಸ್ತಿ ಹೊಗೆ ಕೊಳವೆಯಲ್ಲೇ ಹೋಯಿತು. ಪುಡಿ ಮಾಡುವ ಕರೆಂಟು ಇನ್ನೂ ಸೇರಿಸಿಲ್ಲ.

ಮಗ ಪೆನ್ನು ಕೆಳಗಿಟ್ಟು ಅಪ್ಪಯ್ಯನ ಮುಖ ನೋಡಿದ. ಯಜಮಾನರು, "ಹಾಗಾದ್ರೆ ನಮ್ಮ ಕರಿಕಲ್ಲೇ ಸಾಕು" ಅಂದರು.

ಪ್ರತಿನಿಧಿಗೆ ಮೂರು ಪ್ರಶ್ನೆ ಬರೆದು ಕಳಿಸಿದೆವು. ಯಾವ ಕ್ವಾರಿಯ ಕಲ್ಲು, ಅದರ ಭಾರಲೋಹದ ವರದಿ ಎಲ್ಲಿದೆ? ಪ್ರತಿ ವರ್ಷ ಮಣ್ಣು, ನೀರು ಪರೀಕ್ಷೆ ಯಾರ ಖರ್ಚಿನಲ್ಲಿ, ಫಲಿತಾಂಶ ನಮಗೂ ಕೊಡುತ್ತೀರಾ? ಒಪ್ಪಂದ ಕನ್ನಡದಲ್ಲಿ ಸಿಗುತ್ತದಾ? ಉತ್ತರ ಇನ್ನೂ ಬಂದಿಲ್ಲ. ಸಹಿ ಹಾಕಿಲ್ಲ.

ಈ ಕೆಲಸದಿಂದ ಈ ಮನೆಗೆ ಇಂಗಾಲದ ದುಡ್ಡು ಬಂದಿಲ್ಲ. ಬಂದದ್ದು ಹುಳಿ ಇಳಿದ ಮಣ್ಣು ಮತ್ತು ಅರ್ಧ ಆದ ಯೂರಿಯಾ ಖರ್ಚು. ಇದೇ ಕಾರಣಕ್ಕೆ ಮಾಡುವುದಿದ್ದರೆ ಮಾಡಿ ಅಂತ ನಾನು ಬೇರೆಯವರಿಗೂ ಹೇಳುತ್ತೇನೆ. ಹತ್ತಿರದಲ್ಲಿ ಸರಿಯಾದ ಕಲ್ಲು ಸಿಗದಿದ್ದರೆ ಸುಣ್ಣ, ಗೊಬ್ಬರ ಇದ್ದೇ ಇದೆ.

ಮೊನ್ನೆ ಹೋದಾಗ ಹೊಸ ಗುಂಡಿ ತುಂಬುತ್ತಿತ್ತು. ಒಂದು ಪದರ ದರಗು, ಒಂದು ಪದರ ಸಗಣಿ, ಮೇಲೆ ಬೂದು ಕೆಸರು, ಮತ್ತೆ ದರಗು. ಯಜಮಾನರು ಬಿಟ್ಟ ಎರಡು ಸಾಲಿನ ಕಡೆ ಕೈ ತೋರಿಸಿ, "ಈ ಸಲ ಅವಕ್ಕೂ ಹಾಕ್ಲಾ?" ಅಂತ ಕೇಳಿದರು. ಇನ್ನೊಂದು ಮಳೆಗಾಲ ಕಳೆಯಲಿ ಅಂದೆ. "ಆಯ್ತು, ಆದ್ರೆ ಅದೇ ಕೊನೆ" ಅಂದರು.